ಎಡವುವ ಪತ್ತೇದಾರರು, ಎಡವದ ನಿಯಮಗಳು

ನೇರವಾಗಿ ಮೇಲಕ್ಕೆ ಎಸೆದ ಕಲ್ಲು ಗರಿಷ್ಠ ಎತ್ತರ ತಲುಪಿದ ಗಳಿಗೆಯಲ್ಲಿ ಅದರ ವೇಗ ಎಷ್ಟು? ವೇಗೋತ್ಕರ್ಷ ಎಷ್ಟು? ಈ ಎರಡು ಪ್ರಶ್ನೆಗಳನ್ನು ಯಾವುದಾದರೂ ಪಿ.ಯು.ಸಿ. ತರಗತಿಯಲ್ಲಿ ಕೇಳಿ ನೋಡಿ. ಮೊದಲ ಪ್ರಶ್ನೆಗೆ ‘ಸೊನ್ನೆ’ ಎಂಬ ಸರಿಯುತ್ತರ ಥಟ್ಟನೆ ಬರುತ್ತದೆ. ಎರಡನೆಯದಕ್ಕೂ ಹಲವರು ‘ಸೊನ್ನೆ’ ಎಂದೇ ಹೇಳುತ್ತಾರೆ. ಚಲನೆಯ ಸಮೀಕರಣಗಳನ್ನು ತಪ್ಪಿಲ್ಲದೆ ಬರೆದು, ಲೆಕ್ಕ ಬಿಡಿಸಿ, ಪೂರ್ಣ ಅಂಕ ಪಡೆಯುವವರೂ ಇಲ್ಲಿ ಎಡವುತ್ತಾರೆ. ಅಂಕ ಬಂದಿದೆ, ಆದರೆ ಚಲನೆ ಅರ್ಥವಾಗಿಲ್ಲ ಎಂದಾಯಿತು.

ಈ ತೊಡಕನ್ನು ಬಿಡಿಸಲು ದುಬಾರಿ ಸಲಕರಣೆ ಬೇಕಿಲ್ಲ. ನಾವು ಹಿರಿಯರು ‘ಕಾಲಹರಣ’ ಎಂದು ಬದಿಗಿಡುವ ವಸ್ತುವೊಂದು ಸಾಕು. ಅದೇ ಹಳೆಯ ಕಾಲದ ವಿಡಿಯೋ ಆಟ. ಅದರಲ್ಲೂ ಓಡುತ್ತ, ಜಿಗಿಯುತ್ತ, ಮುಗ್ಗರಿಸುತ್ತ ಕಳ್ಳನನ್ನು ಹಿಡಿಯಲು ಹೊರಟ ಪೆದ್ದು ಪತ್ತೇದಾರರ ನಗೆಯಾಟ. ಅವರು ಎಷ್ಟು ಸಲ ಬಿದ್ದರೂ ಅವರನ್ನು ಬೀಳಿಸುವ ನಿಯಮ ಮಾತ್ರ ಒಮ್ಮೆಯೂ ಎಡವುವುದಿಲ್ಲ. ಆ ನಿಯಮ ಏನು, ಅದು ನಮ್ಮ ಭೂಮಿಯ ನಿಯಮಕ್ಕೆ ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂಬುದನ್ನು ಪತ್ತೆ ಮಾಡೋಣ.

ಕಟ್ಟೆಯಿಂದ ಕಟ್ಟೆಗೆ

ಪರದೆಯ ಮೇಲೆ ಒಂದರ ಮೇಲೊಂದು, ಒಂದರ ಪಕ್ಕ ಒಂದು ಕಟ್ಟೆಗಳು. ಅವುಗಳ ನಡುವೆ ಹಳ್ಳ, ಏಣಿ, ಅಡ್ಡಿ. ಆಟಗಾರನ ಗೊಂಬೆ ಓಡಿ, ಜಿಗಿದು ಇವನ್ನು ದಾಟಬೇಕು. ಇಂಥವನ್ನು ‘ಪ್ಲಾಟ್‌ಫಾರ್ಮ್ ಆಟ’ ಎನ್ನುತ್ತಾರೆ. 1981ರ ‘ಡಾಂಕಿ ಕಾಂಗ್’, 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಈ ಬಗೆಯ ಪ್ರಸಿದ್ಧ ಆಟಗಳು. 1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ, ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಆಟಗಳನ್ನು ನೆನಪಿಸಿಕೊಂಡರೆ ನಿಮಗೆ ಚಿತ್ರ ಸ್ಪಷ್ಟವಾಗುತ್ತದೆ.

ಕಳ್ಳನ ಬೆನ್ನು ಹತ್ತುವ ನಗೆಯಾಟಕ್ಕೆ ಒಳ್ಳೆಯ ಉದಾಹರಣೆ 1983ರಲ್ಲಿ ಬಂದ ‘ಕೀಸ್ಟೋನ್ ಕೇಪರ್ಸ್’. ಆಕ್ಟಿವಿಷನ್ ಕಂಪನಿಗಾಗಿ ಗ್ಯಾರಿ ಕಿಚನ್ ಇದನ್ನು ರೂಪಿಸಿದರು. ದೊಡ್ಡ ಅಂಗಡಿಯೊಂದರ ಮಹಡಿಗಳಲ್ಲಿ ಪೊಲೀಸಿನವನು ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತಾನೆ. ಎದುರಿಗೆ ಪುಟಿಯುವ ಚೆಂಡುಗಳು, ಉರುಳಿಬರುವ ಕೈಗಾಡಿಗಳು, ಹಾರಿಬರುವ ಆಟಿಕೆ ವಿಮಾನಗಳು. ಜಿಗಿಯಬೇಕು ಇಲ್ಲವೇ ಬಗ್ಗಬೇಕು. ಲಿಫ್ಟು, ಚಲಿಸುವ ಮೆಟ್ಟಿಲು ಎರಡೂ ಇವೆ. ಕಳ್ಳ ಮಾಳಿಗೆ ತಲುಪಿದರೆ ತಪ್ಪಿಸಿಕೊಂಡಂತೆ.

ಈ ಪೊಲೀಸಿನವನ ಪೂರ್ವಜರು ಮೂಕಿಚಿತ್ರಗಳಲ್ಲಿದ್ದಾರೆ. ಅಮೆರಿಕದಲ್ಲಿ 1912ರಲ್ಲಿ ಆರಂಭವಾದ ಕೀಸ್ಟೋನ್ ಚಿತ್ರಸಂಸ್ಥೆಯಲ್ಲಿ ಮ್ಯಾಕ್ ಸೆನೆಟ್ ತೆಗೆದ ಹಾಸ್ಯಚಿತ್ರಗಳಲ್ಲಿ ಒಬ್ಬರ ಮೇಲೊಬ್ಬರು ಬೀಳುವ ಪೊಲೀಸರ ಗುಂಪೊಂದು ಬರುತ್ತಿತ್ತು. ನಮ್ಮಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಎಂದೂ ಎಡವದೆ ಅಪರಾಧಿಯನ್ನು ಹಿಡಿದರೆ, ಇವರು ಎಡವುವುದನ್ನೇ ಕಸುಬು ಮಾಡಿಕೊಂಡವರು.

‘ಕೀಸ್ಟೋನ್ ಕೇಪರ್ಸ್’ ಓಡುತ್ತಿದ್ದ ಅಟಾರಿ 2600 ಯಂತ್ರದ ಸ್ಮೃತಿ ಎಷ್ಟಿತ್ತು ಗೊತ್ತೇ? ಕೇವಲ 128 ಬೈಟ್. ಇಂದಿನ ಯೂನಿಕೋಡ್‌ನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ ಆ ಸ್ಮೃತಿಯಲ್ಲಿ 42 ಸಂಕೇತಗಳಷ್ಟೇ ಹಿಡಿಸುತ್ತವೆ. ಈ ಪುಟದ ಒಂದು ಉದ್ದ ವಾಕ್ಯವೂ ಅದರಲ್ಲಿ ಕೂರುವುದಿಲ್ಲ. ಅದರ ಸಂಸ್ಕಾರಕಕ್ಕೆ ಕೂಡುವುದು, ಕಳೆಯುವುದು ಗೊತ್ತಿತ್ತು. ಗುಣಿಸುವ ಆದೇಶವೇ ಇರಲಿಲ್ಲ. ವರ್ಗಮೂಲದ ಮಾತಂತೂ ದೂರ. ಹಾಗಿದ್ದರೂ ಪರದೆಯ ಪೊಲೀಸು ಸಲೀಸಾಗಿ ಜಿಗಿಯುತ್ತಿದ್ದ. ಪರವಲಯವನ್ನು ಗುಣಾಕಾರವಿಲ್ಲದೆ ಎಳೆಯಬಹುದೇ? ಎಳೆಯಬಹುದು. ನಾವೇ ಒಂದು ಆಟ ಕಟ್ಟಿ ನೋಡೋಣ.

ನಾಲ್ಕು ಊರುಗಳ ಆಟ

ನಮ್ಮ ಆಟಕ್ಕೆ ಕಂಪ್ಯೂಟರ್ ಬೇಡ. ಗ್ರಾಫ್ ಹಾಳೆ, ಪೆನ್ಸಿಲು ಸಾಕು. ಕಥೆ ಹೀಗಿರಲಿ: ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಒಂದು ಬುಟ್ಟಿ ಹಣ್ಣು ಕಳುವಾಗಿದೆ. ಪತ್ತೆಗೆ ಹೊರಟವರು ಇಬ್ಬರು, ಉದ್ದಣ್ಣ ಮತ್ತು ಗಿಡ್ಡಣ್ಣ. ಕೋಲಾರದಿಂದ ಹೊರಟು ಇವರು ಮೊದಲು ಹೋಗುವುದು ಶ್ರೀನಿವಾಸಪುರಕ್ಕಲ್ಲ, ಎದುರು ದಿಕ್ಕಿನಲ್ಲಿರುವ ಮಾಲೂರಿಗೆ! ಅಲ್ಲಿಂದ ಮುಳಬಾಗಿಲು ಸುತ್ತಿ ಕೊನೆಗೆ ತೋಪಿಗೆ ಬರುತ್ತಾರೆ. ಹೀಗೆ ಆಟದಲ್ಲಿ ನಾಲ್ಕು ಹಂತ. ಒಂದೊಂದು ಹಂತದಲ್ಲೂ ಭೌತವಿಜ್ಞಾನದ ಒಂದೊಂದು ಮಾತು.

ಅಳತೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳೋಣ. ಹಾಳೆಯ ಒಂದು ಚಿಕ್ಕ ಚೌಕ 10 ಸೆಂಟಿಮೀಟರಿಗೆ ಸಮ. ಹಳೆಯ ಆಟಗಳ ಗೊಂಬೆಗಳು ಹೆಚ್ಚಾಗಿ 16 ಪಿಕ್ಸೆಲ್ ಎತ್ತರ ಇರುತ್ತಿದ್ದವು. ಒಂದು ಚೌಕವನ್ನು ಒಂದು ಪಿಕ್ಸೆಲ್ ಎಂದುಕೊಂಡರೆ ನಮ್ಮ ಪತ್ತೇದಾರನ ಎತ್ತರ 16 ಚೌಕ, ಅಂದರೆ 1.6 ಮೀಟರ್. ಕಾಲವನ್ನು ‘ಮಿಡಿತ’ಗಳಲ್ಲಿ ಅಳೆಯೋಣ. ಒಂದು ಮಿಡಿತ ಎಂದರೆ ಸೆಕೆಂಡಿನ ಹತ್ತನೇ ಒಂದು ಭಾಗ.

ಈ ಅಳತೆಗಳಲ್ಲಿ ಒಂದು ಸೊಗಸಿದೆ. ಮಿಡಿತಕ್ಕೆ 1 ಚೌಕ ಎಂಬ ವೇಗ ಸೆಕೆಂಡಿಗೆ 1 ಮೀಟರಿಗೆ ಸಮ. ಗುರುತ್ವ ವೇಗೋತ್ಕರ್ಷವನ್ನು ಸುಲಭಕ್ಕಾಗಿ 10 ಎಂದು ಹಿಡಿದರೆ ವೇಗವು ಸೆಕೆಂಡಿಗೆ 10 ಮೀಟರ್/ಸೆಕೆಂಡಿನಷ್ಟು, ಅಂದರೆ ಪ್ರತಿ ಮಿಡಿತಕ್ಕೆ ಸರಿಯಾಗಿ 1 ಚೌಕದಷ್ಟು ಬದಲಾಗುತ್ತದೆ. ಭೂಮಿಯ ಗುರುತ್ವ ನಮ್ಮ ಹಾಳೆಯಲ್ಲಿ ‘ಒಂದು’ ಆಯಿತು.

ಕೋಲಾರ: ಕೂಡಿ ಕಳೆದು ಜಿಗಿತ

ಮೊದಲ ಹಂತ ಅಂತರಗಂಗೆಯ ಬೆಟ್ಟ. ಬಂಡೆಯಿಂದ ಬಂಡೆಗೆ ಜಿಗಿಯಬೇಕು. ಆಟದ ಪ್ರೋಗ್ರಾಮು ಪ್ರತಿ ಮಿಡಿತದಲ್ಲೂ ಎರಡೇ ಕೆಲಸ ಮಾಡುತ್ತದೆ.

ಒಂದು: ಈಗಿನ ಎತ್ತರಕ್ಕೆ ಈಗಿನ ವೇಗವನ್ನು ಕೂಡು.
ಎರಡು: ವೇಗದಿಂದ 1 ಕಳೆ.

ಅಷ್ಟೇ. ಉದ್ದಣ್ಣ ಮಿಡಿತಕ್ಕೆ 6 ಚೌಕದ ವೇಗದಲ್ಲಿ ಮೇಲಕ್ಕೆ ಚಿಮ್ಮುತ್ತಾನೆ ಎಂದುಕೊಳ್ಳಿ. ಪ್ರತಿ ಮಿಡಿತದ ಕೊನೆಗೆ ಅವನ ಪಾದ ಎಷ್ಟು ಎತ್ತರದಲ್ಲಿದೆ ನೋಡಿ:

ಮಿಡಿತ 1: ವೇಗ 6, ಎತ್ತರ 6
ಮಿಡಿತ 2: ವೇಗ 5, ಎತ್ತರ 11
ಮಿಡಿತ 3: ವೇಗ 4, ಎತ್ತರ 15
ಮಿಡಿತ 4: ವೇಗ 3, ಎತ್ತರ 18
ಮಿಡಿತ 5: ವೇಗ 2, ಎತ್ತರ 20
ಮಿಡಿತ 6: ವೇಗ 1, ಎತ್ತರ 21
ಮಿಡಿತ 7: ವೇಗ 0, ಎತ್ತರ 21
ಮಿಡಿತ 8: ವೇಗ –1, ಎತ್ತರ 20

ಮುಂದಿನ ಐದು ಮಿಡಿತಗಳನ್ನು ನೀವೇ ತುಂಬಿ. ಎತ್ತರ 18, 15, 11, 6, 0 ಎಂದು ಇಳಿದು, 13ನೇ ಮಿಡಿತಕ್ಕೆ ಪಾದ ಬಂಡೆಗೆ ತಾಗುತ್ತದೆ. ಪ್ರತಿ ಮಿಡಿತಕ್ಕೂ ಅವನನ್ನು ಬಲಕ್ಕೆ 3 ಚೌಕ ಸರಿಸುತ್ತ ಈ ಬಿಂದುಗಳನ್ನು ಹಾಳೆಯಲ್ಲಿ ಗುರುತಿಸಿ, ಸೇರಿಸಿ. ಬಿಲ್ಲಿನಂತೆ ಬಾಗಿದ ರೇಖೆ ಮೂಡುತ್ತದೆ. ಗುಣಾಕಾರ ಎಲ್ಲೂ ಬರಲಿಲ್ಲ, ಪರವಲಯ ಬಂತು.

ಚುರುಕು ವಿದ್ಯಾರ್ಥಿಯೊಬ್ಬಳು ಇಲ್ಲಿ ಆಕ್ಷೇಪ ಎತ್ತಬಹುದು. ಸಮೀಕರಣದ ಪ್ರಕಾರ ಗರಿಷ್ಠ ಎತ್ತರ ಎಂದರೆ ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಬೇಕು. 36ನ್ನು 2ರಿಂದ ಭಾಗಿಸಿದರೆ 18 ಚೌಕ. ನಮ್ಮ ಪಟ್ಟಿಯಲ್ಲಿ 21 ಬಂದಿದೆಯಲ್ಲ? ಆಕ್ಷೇಪ ಸರಿಯಾಗಿದೆ. ನಿಜವಾದ ಜಿಗಿತದಲ್ಲಿ ವೇಗ ಎಡೆಬಿಡದೆ ಕುಗ್ಗುತ್ತದೆ. ನಾವು ಮಾತ್ರ ಮಿಡಿತದ ಆರಂಭದ ವೇಗವನ್ನೇ ಇಡೀ ಮಿಡಿತಕ್ಕೆ ಬಳಸಿದೆವು, ಅದಕ್ಕೇ ಎತ್ತರ ಹೆಚ್ಚಾಯಿತು. ಮೊದಲು ವೇಗ ಕಳೆದು, ಆಮೇಲೆ ಎತ್ತರಕ್ಕೆ ಕೂಡಿದರೆ 15 ಬರುತ್ತದೆ. 21 ಮತ್ತು 15ರ ಸರಾಸರಿ ಎಷ್ಟು? ಸರಿಯಾಗಿ 18! ಮಿಡಿತವನ್ನು ಅರ್ಧಕ್ಕೆ ಇಳಿಸಿದರೆ ಈ ಎರಡು ಉತ್ತರಗಳು 19.5 ಮತ್ತು 16.5 ಆಗುತ್ತವೆ. ತಪ್ಪು ಮೂರರಿಂದ ಒಂದೂವರೆಗೆ ಇಳಿಯಿತು. ಮಿಡಿತ ಚಿಕ್ಕದಾದಷ್ಟೂ ಎರಡೂ ಉತ್ತರಗಳು 18ರ ಕಡೆಗೆ ಸರಿಯುತ್ತವೆ. ಕಲನಶಾಸ್ತ್ರದ ಬಾಗಿಲು ಇದೇ. ಹವಾಮಾನದ ಮುನ್ಸೂಚನೆ, ಉಪಗ್ರಹದ ಪಥ ಮುಂತಾದ ದೊಡ್ಡ ಲೆಕ್ಕಗಳಲ್ಲೂ ಕಾಲವನ್ನು ಹೀಗೆ ತುಣುಕು ಮಾಡಿ ಒಂದೊಂದೇ ಹೆಜ್ಜೆ ಮುಂದೆ ಹೋಗುತ್ತಾರೆ. ಅಲ್ಲಿ ಹೆಜ್ಜೆಯ ನಿಯಮ ಇನ್ನಷ್ಟು ನಿಖರವಾಗಿರುತ್ತದೆ, ಅಷ್ಟೇ.

ತುದಿಯ ಒಗಟು

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಪಟ್ಟಿಯಲ್ಲಿ 7ನೇ ಮಿಡಿತವನ್ನು ನೋಡಿ. ವೇಗ ಸೊನ್ನೆ. ಉದ್ದಣ್ಣ 21 ಚೌಕದ ಎತ್ತರದಲ್ಲಿದ್ದಾನೆ. ಆ ಮಿಡಿತದಲ್ಲಿ ವೇಗೋತ್ಕರ್ಷವೂ ಸೊನ್ನೆ ಎಂದು ಹೇಳುವ ವಿದ್ಯಾರ್ಥಿಯ ಕೈಗೇ ಪೆನ್ಸಿಲು ಕೊಡಿ. ‘ಸರಿ, ನಿನ್ನ ಮಾತಿನಂತೆ ಈ ಒಂದು ಮಿಡಿತದಲ್ಲಿ ವೇಗದಿಂದ 1 ಕಳೆಯಬೇಡ. ಮುಂದಿನ ಸಾಲು ಬರೆ’ ಎನ್ನಿ.

ಏನಾಗುತ್ತದೆ? 8ನೇ ಮಿಡಿತದಲ್ಲೂ ವೇಗ ಸೊನ್ನೆಯೇ. ಎತ್ತರ 21. ವೇಗ ಸೊನ್ನೆ ಇರುವಾಗ ಗುರುತ್ವವೂ ಇಲ್ಲ ಎಂದಮೇಲೆ 9ನೇ ಮಿಡಿತದಲ್ಲೂ ಅದೇ. ಉದ್ದಣ್ಣ ಅಂತರಗಂಗೆಯ ಮೇಲೆ ಆಕಾಶದಲ್ಲಿ ತ್ರಿಶಂಕುವಿನಂತೆ ನಿಂತುಬಿಡುತ್ತಾನೆ. ಅವನನ್ನು ಕೆಳಗಿಳಿಸಲು ಯಾರೂ ಇಲ್ಲ!

ಕಲ್ಲು ಕೆಳಗೆ ಬರುತ್ತದೆ ಎಂದರೆ ತುದಿಯಲ್ಲೂ ಗುರುತ್ವ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ವೇಗ ಎಂಬುದು ಒಂದು ಸಂಖ್ಯೆ. ಆ ಸಂಖ್ಯೆ ಎಷ್ಟರಂತೆ ಬದಲಾಗುತ್ತಿದೆ ಎಂಬುದು ಬೇರೊಂದು ಸಂಖ್ಯೆ. ಮೊದಲನೆಯದು 6ರಿಂದ –6ಕ್ಕೆ ಹೋಗುವ ದಾರಿಯಲ್ಲಿ ಸೊನ್ನೆಯನ್ನು ದಾಟುತ್ತದೆ. ಎರಡನೆಯದು ಉದ್ದಕ್ಕೂ –1 ಆಗಿಯೇ ಇರುತ್ತದೆ. ಕರಿಹಲಗೆಯ ಮೇಲಿನ ವಿವರಣೆಗಿಂತ, ತಾನೇ ಬರೆದ ಸಾಲಿನಲ್ಲಿ ಸಿಕ್ಕಿಕೊಂಡ ಪತ್ತೇದಾರ ಈ ಮಾತನ್ನು ಚೆನ್ನಾಗಿ ಮನದಟ್ಟು ಮಾಡಿಸುತ್ತಾನೆ.

ಗುರುಗ್ರಹವನ್ನೂ ಮೀರಿಸುವ ಸೆಳೆತ

6 ಚೌಕದ ವೇಗದಿಂದ ಆಟ ರಂಜಿಸುವುದಿಲ್ಲ. ಆಟದ ನಾಯಕ ತನ್ನ ಎತ್ತರದ ಮೂರು ನಾಲ್ಕು ಪಟ್ಟು ಮೇಲೆ ಹಾರಬೇಕು. ನಾಲ್ಕು ಪಟ್ಟು ಎಂದರೆ 64 ಚೌಕ, ಅಂದರೆ 6.4 ಮೀಟರ್. ಭೂಮಿಯ ಗುರುತ್ವದಲ್ಲಿ ಅಷ್ಟು ಎತ್ತರ ಹಾರಿ ಇಳಿಯಲು ಸುಮಾರು 2.26 ಸೆಕೆಂಡು ಬೇಕು. ಕಳ್ಳ ಓಡುತ್ತಿರುವಾಗ ಅಷ್ಟು ಹೊತ್ತು ಗಾಳಿಯಲ್ಲಿ ತೇಲುತ್ತಿದ್ದರೆ ಆಟಗಾರನ ತಾಳ್ಮೆ ಕೆಡುತ್ತದೆ. ಜಿಗಿತ 0.8 ಸೆಕೆಂಡಿನಲ್ಲಿ ಮುಗಿಯಬೇಕು ಎಂದುಕೊಳ್ಳಿ. ಆಗ ಬೇಕಾದ ಗುರುತ್ವ ಎಷ್ಟು? ಎತ್ತರದ 8 ಪಟ್ಟನ್ನು ಕಾಲದ ವರ್ಗದಿಂದ ಭಾಗಿಸಬೇಕು. 51.2ನ್ನು 0.64ರಿಂದ ಭಾಗಿಸಿದರೆ 80! ಭೂಮಿಯ ಗುರುತ್ವದ 8 ಪಟ್ಟು. ಸೌರವ್ಯೂಹದ ಅತಿ ದೊಡ್ಡ ಗ್ರಹ ಗುರುವಿನ ಮೇಲ್ಪದರದಲ್ಲಿ ಕೂಡ ಅದು ಭೂಮಿಯ ಎರಡೂವರೆ ಪಟ್ಟು ಮಾತ್ರ. ಇನ್ನು ಉದ್ದಣ್ಣ ನೆಲ ಬಿಡುವ ವೇಗ ಸೆಕೆಂಡಿಗೆ 32 ಮೀಟರ್, ಗಂಟೆಗೆ ಸುಮಾರು 115 ಕಿಲೋಮೀಟರ್. ಕೋಲಾರದ ರಸ್ತೆಯಲ್ಲಿ ಆ ವೇಗಕ್ಕೆ ದಂಡ ಬೀಳುತ್ತದೆ!

ಇಲ್ಲೊಂದು ಸ್ವಾರಸ್ಯವಿದೆ. ಹಳೆಯ ಆಟಗಳ ಮಿಡಿತ ಟಿ.ವಿ.ಗೆ ಕಟ್ಟುಬಿದ್ದಿತ್ತು. ಜಪಾನ್, ಅಮೆರಿಕಗಳ ಟಿ.ವಿ. ಪದ್ಧತಿಯಲ್ಲಿ ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುತ್ತಿತ್ತು. ಭಾರತ ಅನುಸರಿಸಿದ ಪಾಲ್ ಪದ್ಧತಿಯಲ್ಲಿ 50 ಬಾರಿ. 60ರ ಲೆಕ್ಕದಲ್ಲಿ ಬರೆದ ಆಟವನ್ನು ಏನೂ ಬದಲಿಸದೆ 50ರ ಯಂತ್ರದಲ್ಲಿ ಓಡಿಸಿದರೆ? 48 ಮಿಡಿತಗಳ ಜಿಗಿತ 0.8 ಸೆಕೆಂಡಿನ ಬದಲು 0.96 ಸೆಕೆಂಡು ತೆಗೆದುಕೊಳ್ಳುತ್ತದೆ. ಹಾರುವ ಎತ್ತರ ಅಷ್ಟೇ. ಹಾಗಾದರೆ ಗುರುತ್ವ 80ರಿಂದ ಸುಮಾರು 55.6ಕ್ಕೆ ಇಳಿಯಿತು. ಮಿಡಿತದ ದರ 6ಕ್ಕೆ 5 ಆದರೆ ಗುರುತ್ವ 36ಕ್ಕೆ 25 ಆಗುತ್ತದೆ. ವೇಗೋತ್ಕರ್ಷದಲ್ಲಿ ಕಾಲ ಎರಡು ಬಾರಿ ಭಾಗಿಸುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಮೂಕಿಚಿತ್ರದ ಪೊಲೀಸರ ಗುಟ್ಟೂ ಇದೇ. ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ ತೆಗೆದ ಚಿತ್ರವನ್ನು ವೇಗವಾಗಿ ತೋರಿಸುತ್ತಿದ್ದರು. ಸೆಕೆಂಡಿಗೆ 12 ಚಿತ್ರ ತೆಗೆದು 24ರಂತೆ ತೋರಿಸಿದರೆ ಕಾಲ ಅರ್ಧವಾಗುತ್ತದೆ, ಕಣ್ಣಿಗೆ ಕಾಣುವ ಗುರುತ್ವ ನಾಲ್ಕು ಪಟ್ಟಾಗುತ್ತದೆ. ಹಾರಿದವನು ದೊಪ್ಪನೆ ಬೀಳುತ್ತಾನೆ, ನಾವು ನಗುತ್ತೇವೆ. ನಮ್ಮ ಕಣ್ಣಿಗೆ ಭೂಮಿಯ ಗುರುತ್ವ ಎಷ್ಟು ಚೆನ್ನಾಗಿ ಪರಿಚಿತ ಎಂದರೆ, ಅದು ಬದಲಾದ ಕೂಡಲೇ ಏನೋ ವಿಚಿತ್ರ ನಡೆದಿದೆ ಎಂದು ತಿಳಿದುಬಿಡುತ್ತದೆ.

ಮಾಲೂರು: ಇಟ್ಟಿಗೆಯೊಳಗಿಂದ ಜಾರಿದವನು

ಎರಡನೆಯ ಹಂತ ಇಟ್ಟಿಗೆ, ಹೆಂಚುಗಳಿಗೆ ಹೆಸರಾದ ಮಾಲೂರು. ಒಂದೇ ಅಚ್ಚಿನಲ್ಲಿ ಸಾವಿರ ಇಟ್ಟಿಗೆ ತೆಗೆದು ಬಗೆಬಗೆಯ ಮನೆ ಕಟ್ಟುವಂತೆ, ಹಳೆಯ ಆಟಗಳಲ್ಲಿ 8 ಪಿಕ್ಸೆಲ್ ಉದ್ದ, 8 ಪಿಕ್ಸೆಲ್ ಅಗಲದ ಕೆಲವೇ ಚಿತ್ರಬಿಲ್ಲೆಗಳಿಂದ ಇಡೀ ಲೋಕವನ್ನು ಕಟ್ಟುತ್ತಿದ್ದರು. 256 ಪಿಕ್ಸೆಲ್ ಅಗಲ, 240 ಪಿಕ್ಸೆಲ್ ಎತ್ತರದ ಪರದೆಯಲ್ಲಿ 61,440 ಪಿಕ್ಸೆಲ್‌ಗಳಿವೆ. ಬಿಲ್ಲೆಗಳ ಲೆಕ್ಕದಲ್ಲಾದರೆ ಅಡ್ಡಕ್ಕೆ 32, ಉದ್ದಕ್ಕೆ 30, ಒಟ್ಟು 960 ಮಾತ್ರ. ಎಲ್ಲಿ ಯಾವ ಬಿಲ್ಲೆ ಎಂದು ಬರೆದಿಟ್ಟರೆ ಸಾಕು. ಸ್ಮೃತಿಯ ಬಡತನ ಈ ಜಾಣ್ಮೆಯನ್ನು ಕಲಿಸಿತು.

ಗಿಡ್ಡಣ್ಣ ಇಟ್ಟಿಗೆ ಗೂಡಿನ ಮೇಲಿಂದ ಬೀಳುತ್ತಾನೆ. ಅವನ ಪಾದದ ಬಿಂದು ಇಟ್ಟಿಗೆಯ ಚೌಕದೊಳಗೆ ಇದೆಯೇ ಎಂದು ಪ್ರೋಗ್ರಾಮು ಪ್ರತಿ ಮಿಡಿತಕ್ಕೂ ಪರೀಕ್ಷಿಸುತ್ತದೆ. ಇದ್ದರೆ ನಿಲ್ಲಿಸುತ್ತದೆ. ಸೆಕೆಂಡಿಗೆ 60 ಪರೀಕ್ಷೆ ಎಂದುಕೊಳ್ಳಿ. ಬೀಳುವ ವೇಗ ಸೆಕೆಂಡಿಗೆ 480 ಪಿಕ್ಸೆಲ್ ದಾಟಿದರೆ ಏನಾಗುತ್ತದೆ? ಒಂದು ಪರೀಕ್ಷೆಯ ಹೊತ್ತಿಗೆ ಪಾದ ಇಟ್ಟಿಗೆಯ ಮೇಲಿದೆ. ಮುಂದಿನ ಪರೀಕ್ಷೆಗೆ 8 ಪಿಕ್ಸೆಲ್‌ಗಿಂತ ಹೆಚ್ಚು ಕೆಳಗೆ ಹೋಗಿದೆ. ಒಳಗೆ ಇದ್ದದ್ದನ್ನು ಯಾರೂ ನೋಡಲೇ ಇಲ್ಲ! ಗಿಡ್ಡಣ್ಣ ಇಟ್ಟಿಗೆಯನ್ನು ಮುಟ್ಟದೆ ಆಚೆ ಜಾರಿರುತ್ತಾನೆ. ನಮ್ಮ 80ರ ಗುರುತ್ವದಲ್ಲಿ ಈ ವೇಗ ಬರಲು 14.4 ಮೀಟರ್, ಅಂದರೆ 144 ಪಿಕ್ಸೆಲ್ ಬಿದ್ದರೆ ಸಾಕು. ಪರದೆಯ ಎತ್ತರಕ್ಕಿಂತ ಅದು ಕಡಿಮೆಯೇ.

ಇದನ್ನು ತಡೆಯಲು ಆಟಗಳಲ್ಲಿ ಬೀಳುವ ವೇಗಕ್ಕೆ ಒಂದು ಮಿತಿ ಹಾಕುತ್ತಾರೆ. ನಿಸರ್ಗದಲ್ಲೂ ಅಂಥ ಮಿತಿಯಿದೆ, ಆದರೆ ಕಾರಣ ಬೇರೆ. 2 ಕಿಲೋಮೀಟರ್ ಎತ್ತರದ ಮೋಡದಿಂದ ಬೀಳುವ ಮಳೆಹನಿ, ಗಾಳಿ ಇಲ್ಲದಿದ್ದರೆ ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ತಲೆಗೆ ಬಡಿಯುತ್ತಿತ್ತು. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ಹೆಚ್ಚಿ, ಕೊನೆಗೆ ಹನಿಯ ತೂಕಕ್ಕೆ ಸಮನಾಗುತ್ತದೆ. ಅಲ್ಲಿಂದ ಮುಂದೆ ವೇಗ ಬದಲಾಗುವುದಿಲ್ಲ. ದಪ್ಪ ಹನಿಗೂ ಅದು ಸೆಕೆಂಡಿಗೆ ಸುಮಾರು 9 ಮೀಟರ್ ಮಾತ್ರ. ಬಯಲುಸೀಮೆಯ ನಮಗೆ ಮಳೆ ಬಂದರೆ ಸಾಕು ಎನಿಸುತ್ತದೆ, ಆದರೆ ಅದು ಹದವಾಗಿ ಬರುವುದಕ್ಕೆ ಗಾಳಿಯ ಋಣವಿದೆ.

ಮುಳಬಾಗಿಲು: ತುಪ್ಪದ ಮೇಲೆ ಓಟ

ಮೂರನೆಯ ಹಂತದಲ್ಲಿ ನಮ್ಮವರು ದೋಸೆಗೆ ಪ್ರಸಿದ್ಧವಾದ ಮುಳಬಾಗಿಲಿನ ಹೋಟೆಲೊಂದರ ಅಡುಗೆಮನೆಗೆ ನುಗ್ಗುತ್ತಾರೆ. ನೆಲದ ಮೇಲೆ ತುಪ್ಪ ಚೆಲ್ಲಿದೆ.

ಉದ್ದಣ್ಣ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಓಡಿಬರುತ್ತಿದ್ದಾನೆ. ಒಣನೆಲದ ಘರ್ಷಣೆ ಅವನ ವೇಗವನ್ನು ಪ್ರತಿ ಮಿಡಿತಕ್ಕೆ 0.8ರಷ್ಟು ಕುಗ್ಗಿಸುತ್ತದೆ, ತುಪ್ಪದ ನೆಲ 0.1ರಷ್ಟು ಮಾತ್ರ ಎಂದಿಟ್ಟುಕೊಳ್ಳೋಣ. ಒಣನೆಲದಲ್ಲಿ ಅವನು ಅರ್ಧ ಸೆಕೆಂಡಿನಲ್ಲಿ, 1 ಮೀಟರಿನೊಳಗೆ ನಿಲ್ಲುತ್ತಾನೆ. ತುಪ್ಪದ ಮೇಲೆ 4 ಸೆಕೆಂಡು, 8 ಮೀಟರ್! ಹಿಟ್ಟಿನ ಪಾತ್ರೆ, ಹೆಂಚು, ಗಲ್ಲಾಪೆಟ್ಟಿಗೆ ಎಲ್ಲ ದಾಟಿ ಬೀದಿಗೆ ಬರುತ್ತಾನೆ. ಅವನನ್ನು ಎಬ್ಬಿಸಲು ಹೋದ ಗಿಡ್ಡಣ್ಣ ಇದ್ದಲ್ಲೇ ಕಾಲು ಬಡಿಯುತ್ತಾನೆ, ಮುಂದೆ ಹೋಗುವುದಿಲ್ಲ. ನಿಲ್ಲಲು ಮಾತ್ರವಲ್ಲ, ಹೊರಡಲು ಕೂಡ ಘರ್ಷಣೆ ಬೇಕು. ಪಾದ ನೆಲವನ್ನು ಹಿಂದಕ್ಕೆ ತಳ್ಳಿದಾಗ ನೆಲ ಪಾದವನ್ನು ಮುಂದಕ್ಕೆ ತಳ್ಳುವುದು ಘರ್ಷಣೆಯ ಮೂಲಕವೇ.

ಇಲ್ಲಿ ನಗೆಯ ಹಿಂದೆ ಗಂಭೀರವಾದ ಒಂದು ಮಾತಿದೆ. ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು. ಕೋಲಾರ, ಮುಳಬಾಗಿಲುಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಮೊದಲ ಮಳೆಗೆ ನೆನೆದ ರಸ್ತೆಯ ಮೇಲೆ ಬೈಕು ಓಡಿಸುವ ಹುಡುಗನಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಆಟದ ಉದ್ದಣ್ಣ ಬಟ್ಟೆ ಕೊಡವಿ ಎದ್ದು ನಿಲ್ಲುತ್ತಾನೆ. ಅವನಿಗೆ ಮೂರು ಜೀವ. ರಸ್ತೆಯಲ್ಲಿ ಒಂದೇ. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸುವಾಗ ಹೆದ್ದಾರಿಯ ಉದಾಹರಣೆಯನ್ನು ಬಿಡಬೇಡಿ.

ಶ್ರೀನಿವಾಸಪುರ: ಕೊಂಬೆಯಿಂದ ಇಬ್ಬರು

ಕೊನೆಗೂ ಮಾವಿನ ತೋಪು. ಇಬ್ಬರೂ 5 ಮೀಟರ್ ಎತ್ತರದ ಕೊಂಬೆಯ ಮೇಲಿದ್ದಾರೆ. ಗಿಡ್ಡಣ್ಣ ಕೈಬಿಟ್ಟು ನೇರ ಕೆಳಗೆ ಬೀಳುತ್ತಾನೆ. ಅದೇ ಕ್ಷಣದಲ್ಲಿ ಉದ್ದಣ್ಣ ಕೊಂಬೆಯ ತುದಿಯಿಂದ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಅಡ್ಡಡ್ಡ ಓಡಿಹೋಗುತ್ತಾನೆ. ಗುರುತ್ವ ಭೂಮಿಯದೇ ಇರಲಿ. ಯಾರು ಮೊದಲು ನೆಲ ಮುಟ್ಟುತ್ತಾರೆ?

‘ಗಿಡ್ಡಣ್ಣ, ಏಕೆಂದರೆ ಅವನ ದಾರಿ ಚಿಕ್ಕದು’ ಎಂಬ ಉತ್ತರ ಸಹಜವಾಗಿ ಬರುತ್ತದೆ. ಪ್ರೋಗ್ರಾಮನ್ನು ಕೇಳಿ. ಅದು ಅಡ್ಡ ವೇಗವನ್ನು ಒಂದು ಮನೆಯಲ್ಲಿ, ಲಂಬ ವೇಗವನ್ನು ಇನ್ನೊಂದು ಮನೆಯಲ್ಲಿ ಇಟ್ಟಿರುತ್ತದೆ. ಗುರುತ್ವದ ‘1 ಕಳೆ’ ಎಂಬ ಆದೇಶ ಲಂಬದ ಮನೆಯನ್ನು ಮಾತ್ರ ಮುಟ್ಟುತ್ತದೆ. ಅಡ್ಡದ ಮನೆಯಲ್ಲಿ ಏನಿದೆ ಎಂದು ಅದು ಇಣುಕಿಯೂ ನೋಡುವುದಿಲ್ಲ. ಆದ್ದರಿಂದ ಇಬ್ಬರೂ ಸರಿಯಾಗಿ 1 ಸೆಕೆಂಡಿಗೆ ಒಟ್ಟಿಗೇ ದೊಪ್ಪೆನ್ನುತ್ತಾರೆ. ಉದ್ದಣ್ಣ 3 ಮೀಟರ್ ಆಚೆಗೆ, ಅಷ್ಟೇ ವ್ಯತ್ಯಾಸ.

ಇದನ್ನು ನಂಬದವರಿಗೆ ಪ್ರಯೋಗ ಸುಲಭ. ಮೇಜಿನ ಅಂಚಿನಲ್ಲಿ ಎರಡು ನಾಣ್ಯ ಇಡಿ. ಒಂದನ್ನು ಅಡ್ಡಕ್ಕೆ ಚಿಮ್ಮುವ ಕ್ಷಣದಲ್ಲೇ ಇನ್ನೊಂದನ್ನು ಅಂಚಿನಿಂದ ಬೀಳಿಸಿ. ನೆಲಕ್ಕೆ ತಾಗುವ ಸದ್ದನ್ನು ಕಣ್ಣು ಮುಚ್ಚಿ ಕೇಳಿ. ಎರಡು ಸದ್ದು ಒಂದಾಗಿ ಕೇಳಿಸುತ್ತವೆ.

ಆದರೆ ಹಾಸ್ಯದ ಆಟಗಳಲ್ಲಿ ಬೇರೆಯೇ ನಡೆಯುತ್ತದೆ. ಕೊಂಬೆ ಮುಗಿದ ಮೇಲೂ ಪತ್ತೇದಾರ ಗಾಳಿಯಲ್ಲಿ ನಾಲ್ಕು ಹೆಜ್ಜೆ ಓಡಿ, ನಿಂತು, ಕೆಳಗೆ ನೋಡಿ, ಗಾಬರಿಯಾಗಿ, ಆಮೇಲೆ ನೇರ ಕೆಳಗೆ ಬೀಳುತ್ತಾನೆ. ಇದು ಹೊಸ ಕಲ್ಪನೆಯಲ್ಲ. ಇಟಲಿಯ ಟಾರ್ಟಾಲಿಯಾ 1537ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಫಿರಂಗಿ ಗುಂಡಿನ ದಾರಿ ಮೊದಲು ನೇರ, ನಡುವೆ ಬಿಲ್ಲು, ಕೊನೆಗೆ ನೇರ ಕೆಳಕ್ಕೆ. ಎಸೆದ ಬಲ ‘ತೀರುವ’ ತನಕ ಗುರುತ್ವಕ್ಕೆ ಅವಕಾಶವಿಲ್ಲ ಎಂಬ ಹಳೆಯ ನಂಬಿಕೆ ಅದರ ಹಿಂದಿತ್ತು. ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಅಡ್ಡ ಚಲನೆ, ಲಂಬ ಚಲನೆಗಳು ಏಕಕಾಲದಲ್ಲಿ, ಒಂದನ್ನೊಂದು ಕೆಡಿಸದೆ ನಡೆಯುತ್ತವೆ ಎಂದು ತೋರಿಸಿ, ಪರವಲಯವನ್ನು ಮುಂದಿಟ್ಟ. ವಿಡಿಯೋ ಆಟದ ಎರಡು ಮನೆಗಳು ಗೆಲಿಲಿಯೋನ ಮಾತನ್ನೇ ಪಾಲಿಸುತ್ತವೆ. ಅದರ ನಗೆಚಾಟಿಕೆ ಟಾರ್ಟಾಲಿಯಾನ ಕಾಲಕ್ಕೆ ಹೋಗುತ್ತದೆ. ಮಕ್ಕಳ ಮನಸ್ಸಿನಲ್ಲೂ ಈ ಎರಡೂ ಒಟ್ಟಿಗೆ ವಾಸಿಸುತ್ತಿರುತ್ತವೆ ಎಂಬುದನ್ನು ಅಧ್ಯಾಪಕರು ಗಮನಿಸಬೇಕು.

ಈಗ ನೀವೇ ಪತ್ತೇದಾರರು

ಯಾವುದಾದರೂ ಜಿಗಿತದ ಆಟವನ್ನು ಆಡುತ್ತಿರುವಾಗ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಮೊಬೈಲನ್ನು ಅಲುಗದಂತೆ ಒರಗಿಸಿಡಿ. ಆಮೇಲೆ ಒಂದೊಂದೇ ಚಿತ್ರ ನಿಲ್ಲಿಸಿ, ಗೊಂಬೆಯ ಪಾದದ ಎತ್ತರವನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಳ್ಳಿ. ಒಂದರಿಂದ ಮುಂದಿನದಕ್ಕೆ ಇರುವ ವ್ಯತ್ಯಾಸ ವೇಗವನ್ನು ತೋರಿಸುತ್ತದೆ. ಆ ವ್ಯತ್ಯಾಸಗಳ ವ್ಯತ್ಯಾಸ ವೇಗೋತ್ಕರ್ಷವನ್ನು ತೋರಿಸುತ್ತದೆ. ನಮ್ಮ ಪಟ್ಟಿಯ ಎತ್ತರಗಳು 6, 11, 15, 18, 20, 21, 21, 20. ವ್ಯತ್ಯಾಸಗಳು 5, 4, 3, 2, 1, 0, –1. ಅವುಗಳ ವ್ಯತ್ಯಾಸ ಎಲ್ಲ ಕಡೆಯೂ –1. ಗೊಂಬೆಯ ಎತ್ತರವನ್ನು 1.6 ಮೀಟರ್ ಎಂದು ಹಿಡಿದು, ಮೊಬೈಲು ಸೆಕೆಂಡಿಗೆ ಎಷ್ಟು ಚಿತ್ರ ತೆಗೆಯುತ್ತದೆ ಎಂದು ತಿಳಿದರೆ, ಆ ಲೋಕದ ಗುರುತ್ವವನ್ನು ನೀವೇ ಕಂಡುಹಿಡಿಯಬಹುದು.

ಪತ್ತೆ ಮಾಡಬೇಕಾದ ಕೆಲವು ‘ಅಪರಾಧ’ಗಳು ಇಲ್ಲಿವೆ:

1. ಹತ್ತುವಾಗ ಮತ್ತು ಇಳಿಯುವಾಗ ಗುರುತ್ವ ಒಂದೇ ಆಗಿದೆಯೇ? ಹಲವು ಆಟಗಳಲ್ಲಿ ಇಳಿಯುವಾಗ ಹೆಚ್ಚು.
2. ಗುಂಡಿಯನ್ನು ಒತ್ತಿಹಿಡಿದರೆ ಗೊಂಬೆ ಇನ್ನೂ ಮೇಲೆ ಹಾರುತ್ತದೆಯೇ? ಪಾದ ನೆಲ ಬಿಟ್ಟ ಮೇಲೆ ಹೆಚ್ಚಿನ ಎತ್ತರಕ್ಕೆ ತಳ್ಳುವವರು ಯಾರು?
3. ಗಾಳಿಯಲ್ಲಿರುವಾಗ ಗೊಂಬೆ ಹಿಂದಕ್ಕೆ ತಿರುಗಿ ಬರಬಲ್ಲದೇ? ನ್ಯೂಟನ್ನನ ಯಾವ ನಿಯಮಕ್ಕೆ ಇದು ವಿರುದ್ಧ?
4. ಗೊಂಬೆ ಮತ್ತು ಬೀಳುವ ಹಣ್ಣು ಒಂದೇ ಗುರುತ್ವದಲ್ಲಿ ಬೀಳುತ್ತವೆಯೇ? ಇಲ್ಲದಿದ್ದರೆ ಗೆಲಿಲಿಯೋ ಏನೆನ್ನುತ್ತಿದ್ದ?

ಕಂಪ್ಯೂಟರ್ ಇರುವ ಶಾಲೆಗಳಲ್ಲಿ, ಅಮೆರಿಕದ ಎಂ.ಐ.ಟಿ. ಸಂಸ್ಥೆಯಿಂದ 2007ರಲ್ಲಿ ಬಂದ ಸ್ಕ್ರ್ಯಾಚ್ ಎಂಬ ಉಚಿತ ತಂತ್ರಾಂಶದಲ್ಲಿ ಮಕ್ಕಳೇ ಉದ್ದಣ್ಣ, ಗಿಡ್ಡಣ್ಣರನ್ನು ಜಿಗಿಸಬಹುದು. ‘1 ಕಳೆ’ ಎಂಬ ಸಾಲನ್ನು ಅವರೇ ಬರೆಯಲಿ. ಒಮ್ಮೆ ಅಳಿಸಿಯೂ ನೋಡಲಿ. ಪತ್ತೇದಾರ ಚಿಮ್ಮಿದ ವೇಗದಲ್ಲೇ ಪರದೆಯ ಮೇಲಂಚನ್ನು ದಾಟಿ ಹೋಗುವುದನ್ನು ಕಂಡಾಗ ನ್ಯೂಟನ್ನನ ಮೊದಲ ನಿಯಮವನ್ನು ಬಾಯಿಪಾಠ ಮಾಡಿಸುವ ಅಗತ್ಯ ಬೀಳುವುದಿಲ್ಲ. ಕಂಪ್ಯೂಟರ್ ಇಲ್ಲದ ಶಾಲೆಗೆ ಗ್ರಾಫ್ ಹಾಳೆ ಸಾಕು. ನಿಯಮ ಎರಡೇ ಸಾಲಿನದು, ಅದು ಹಾಳೆಯಲ್ಲೂ ಅಷ್ಟೇ ನಿಷ್ಠೆಯಿಂದ ಓಡುತ್ತದೆ.

ಅಂದಹಾಗೆ, ಮಾವಿನ ಬುಟ್ಟಿ ಕದ್ದವರು ಯಾರು? ಅದನ್ನು ನಿಮ್ಮ ವಿದ್ಯಾರ್ಥಿಗಳೇ ತೀರ್ಮಾನಿಸಲಿ. ಕಳ್ಳ ಯಾರೇ ಆಗಿರಲಿ, ಅವನು ಕಾಂಪೌಂಡು ಗೋಡೆ ಹಾರುವಾಗ ತುದಿಯಲ್ಲಿ ಅವನ ವೇಗೋತ್ಕರ್ಷ ಎಷ್ಟು ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.